ಔಷಧ ಕೊಡುವ ಕೊನೆಯ ಕೈ

(ಕುಮಾರ ಪಾರ್ಕಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಈ ದತ್ತಿ ಇಟ್ಟವರು ಒಬ್ಬ ನಿವೃತ್ತ ವಾರ್ಡ್ ಸಿಸ್ಟರ್. ತಮ್ಮ ಹೆಸರು ಎಲ್ಲೂ ಅಚ್ಚಾಗಬಾರದು ಎಂಬುದು ಅವರ ಮೊದಲ ಷರತ್ತು. ಬಂದವರು ಶುಶ್ರೂಷೆಯೇ ದೇವರ ಸೇವೆ ಎಂದು ಹೊಗಳಿ, ಶಾಲು ಹೊದಿಸಿಕೊಂಡು ಹೊರಟುಬಿಡಬಾರದು, ಕೆಲಸದ ಮಾತಾಡಬೇಕು ಎಂಬುದು ಎರಡನೆಯದು. ಮೊದಲು ವಾರ್ಡಿನಲ್ಲಿ ನಿಂತು, ಆಮೇಲೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಎರಡನೆಯ ಷರತ್ತು ನನಗೆ ಬಹಳ ಹಿಡಿಸಿತು. ಹಾಗಾಗಿ ದೀಪ ಹಿಡಿದ ನೈಟಿಂಗೇಲ್ ಅವರನ್ನು ಇವತ್ತಿನ ಮಟ್ಟಿಗೆ ಅವರ ಪಾಡಿಗೆ ಬಿಟ್ಟು, ಟ್ರೇ ಹಿಡಿದ ಸಿಸ್ಟರ್ ಬಗ್ಗೆ ಮಾತಾಡುತ್ತೇನೆ. ಔಷಧ ಕೊಡುವಾಗ ತಪ್ಪುಗಳು ಎಲ್ಲಿ ಹುಟ್ಟುತ್ತವೆ, ಅವನ್ನು ಹೇಗೆ ತಡೆಯಬಹುದು ಎಂಬುದೇ ವಿಷಯ.

ಈ ವಿಷಯಕ್ಕೂ ಈ ಜಾಗಕ್ಕೂ ಒಂದು ಹಳೆಯ ನಂಟಿದೆ. 1927ರಲ್ಲಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಹಾಸಿಗೆ ಹಿಡಿದ ಗಾಂಧೀಜಿ ಬೇಸಿಗೆಯನ್ನು ನಂದಿ ಬೆಟ್ಟದಲ್ಲಿ ಕಳೆದು, ಜೂನ್‌ನಲ್ಲಿ ಬೆಂಗಳೂರಿಗೆ ಬಂದು ಇದೇ ಕುಮಾರ ಪಾರ್ಕಿನಲ್ಲಿ ಸುಧಾರಿಸಿಕೊಂಡರು. ಆ ತಿಂಗಳುಗಳ ಅವರ ಪತ್ರಗಳ ತಲೆಯ ಮೇಲೆ ಕುಮಾರ ಪಾರ್ಕ್, ಬೆಂಗಳೂರು ಎಂಬ ವಿಳಾಸವಿದೆ. ಔಷಧವೆಂದರೆ ಅವರಿಗೆ ಅಷ್ಟಕ್ಕಷ್ಟೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ಔಷಧ ಕೊಡುವ ಕೆಲಸವನ್ನೂ ಮಾಡಿದ್ದರು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಪಾರ್ಸಿ ರುಸ್ತುಂಜಿಯವರ ಹಣದಿಂದ ಡಾ. ಬೂತ್ ನಡೆಸುತ್ತಿದ್ದ ಚಿಕ್ಕ ಧರ್ಮಾಸ್ಪತ್ರೆಯಲ್ಲಿ ಬೆಳಗಿನ ಹೊತ್ತು ಸ್ವಯಂಸೇವಕರಾಗಿ ದುಡಿಯುತ್ತಿದ್ದರು. ರೋಗಿಯ ತೊಂದರೆ ಕೇಳಿ ತಿಳಿದುಕೊಳ್ಳುವುದು, ಅದನ್ನು ವೈದ್ಯರ ಮುಂದಿಡುವುದು, ವೈದ್ಯರು ಬರೆದ ಔಷಧವನ್ನು ಕೊಡುವುದು, ಇಷ್ಟು ಅವರ ಕೆಲಸ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನರ್ಸಿಂಗ್ ಕೌನ್ಸಿಲ್‌ನವರು ಒಪ್ಪುತ್ತಾರೋ ಇಲ್ಲವೋ, ಇವತ್ತಿನ ವಾರ್ಡ್ ನರ್ಸಿನ ಅರ್ಧ ಕೆಲಸ ಅದೇ. ಒಂದು ವ್ಯತ್ಯಾಸವಿದೆ. ಅಲ್ಲಿ ಹೇಳುವವರು, ಬರೆಯುವವರು, ಕೊಡುವವರು ಒಂದೇ ಕೋಣೆಯಲ್ಲಿದ್ದರು. ಮದ್ದು ಎರಡು ಕೈ ದಾಟಿದರೆ ರೋಗಿಯ ಬಾಯಿ. ಈಗ ಎಷ್ಟು ಕೈ ದಾಟುತ್ತದೆ ಎಂಬುದನ್ನು ನೋಡಿ.

ಪಠ್ಯಪುಸ್ತಕದಲ್ಲಿ ಔಷಧದ ದಾರಿ ಬಹಳ ನೇರ. ವೈದ್ಯರು ಬರೆಯುತ್ತಾರೆ, ಫಾರ್ಮಸಿಯವರು ಕಳಿಸುತ್ತಾರೆ, ನರ್ಸ್ ಕೊಡುತ್ತಾರೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ದಾರಿ ಹಾಗಿಲ್ಲ. ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರು ನಡೆಯುತ್ತಲೇ ಬಾಯಲ್ಲಿ ಹೇಳುತ್ತಾರೆ. ಹಿಂದೆ ಬರುವ ಪಿ.ಜಿ. ವಿದ್ಯಾರ್ಥಿ ಕೇಸ್ ಶೀಟಿನಲ್ಲಿ ಗೀಚಿಕೊಳ್ಳುತ್ತಾನೆ. ಅದನ್ನು ಸಿಸ್ಟರ್ ಔಷಧದ ಚಾರ್ಟಿಗೆ ಇಳಿಸುತ್ತಾರೆ. ಚಾರ್ಟಿನಿಂದ ಇಂಡೆಂಟ್, ಇಲ್ಲವೇ ಒಂದು ಚೀಟಿ. ಚೀಟಿ ಹಿಡಿದು ರೋಗಿಯ ಮಗನೋ ಅಳಿಯನೋ ಕೆಳಗಿನ ಮೆಡಿಕಲ್ ಸ್ಟೋರಿಗೆ ಓಡುತ್ತಾನೆ. ಅಲ್ಲಿ ಆ ಬ್ರ್ಯಾಂಡ್ ಇರುವುದಿಲ್ಲ. ಅದೇ ಕಂಟೆಂಟು, ಬೇರೆ ಕಂಪನಿ ಎಂದು ಇನ್ನೊಂದನ್ನು ಕೊಟ್ಟು ಕಳಿಸುತ್ತಾರೆ. ಪ್ಲಾಸ್ಟಿಕ್ ಕವರು ಮಂಚದ ಪಕ್ಕದ ಲಾಕರಿಗೆ ಬರುತ್ತದೆ. ಅದರೊಳಗೆ ಮನೆಯಿಂದ ತಂದ ಬಿ.ಪಿ. ಮಾತ್ರೆ, ಹಿಂದಿನ ವಾರ ನಿಲ್ಲಿಸಿದ ಮಾತ್ರೆ, ಇವತ್ತಿನ ಇಂಜೆಕ್ಷನ್, ಎರಡು ಬಾಳೆಹಣ್ಣು ಒಟ್ಟಿಗೇ ಇರುತ್ತವೆ. ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಬದಲಾಗುತ್ತದೆ. ಬರೆದುಕೊಂಡ ಸಿಸ್ಟರ್ ಮನೆಗೆ, ಕೊಡುವ ಸಿಸ್ಟರ್ ವಾರ್ಡಿಗೆ.

ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಪ್ರತಿ ತಿರುವಿನಲ್ಲೂ ಏನೋ ಒಂದು ಉದುರಬಹುದು, ಏನೋ ಒಂದು ಸೇರಿಕೊಳ್ಳಬಹುದು. ಆದರೆ ಎಲ್ಲ ಮುಗಿದ ಮೇಲೆ ರೋಗಿಯ ಮುಂದೆ ಸಿರಿಂಜ್ ಹಿಡಿದು ನಿಂತಿರುವವರು ಒಬ್ಬರೇ. ಸಿಕ್ಕಿಬೀಳುವ ಕೈಯೂ ಅದೊಂದೇ. ಹಿಂದಿನ ಕೈಗಳು ಎಲ್ಲೆಲ್ಲಿ ಎಡವಿದವು ಎಂದು ಹುಡುಕುವ ತಾಳ್ಮೆ ನಮ್ಮ ಆಡಳಿತಕ್ಕೂ ಇಲ್ಲ, ಟಿ.ವಿ. ವಾಹಿನಿಗಳಿಗಂತೂ ಇಲ್ಲವೇ ಇಲ್ಲ.

ನಾವೆಲ್ಲ ಕಲಿತ, ಕಲಿಸಿದ ಐದು ಸರಿಗಳಿವೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಈಗ ಅದನ್ನು ಹತ್ತಕ್ಕೆ ಏರಿಸಿದ್ದಾರೆ, ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ ಸಿಕ್ಕಿತು. ನನ್ನ ತಕರಾರು ಇಷ್ಟೆ. ಎಲ್ಲಿಗೆ ಮುಟ್ಟಬೇಕು ಎಂಬುದನ್ನು ಆ ಪಟ್ಟಿ ಹೇಳುತ್ತದೆ, ಹೇಗೆ ಮುಟ್ಟಬೇಕು ಎಂಬುದನ್ನು ಹೇಳುವುದಿಲ್ಲ. ಸರಿಯಾದ ರೋಗಿ ಎಂದರಾಯಿತೆ? ಮೂವತ್ತು ಮಂಚದ ಹೆಂಗಸರ ಮೆಡಿಕಲ್ ವಾರ್ಡಿಗೆ ಬನ್ನಿ. ಬೆಳಗಿನ ಆರು ಗಂಟೆಯ ಇಂಜೆಕ್ಷನ್ ಹೊತ್ತು. ಹನ್ನೊಂದನೇ ಮಂಚದಲ್ಲಿ ಲಕ್ಷ್ಮಮ್ಮ, ಹದಿನಾಲ್ಕರಲ್ಲಿ ಇನ್ನೊಬ್ಬ ಲಕ್ಷ್ಮಮ್ಮ. ಇಬ್ಬರಿಗೂ ಎಪ್ಪತ್ತರ ಆಸುಪಾಸು, ಇಬ್ಬರ ಕಿವಿಯೂ ಮಂದ. ಸಿಸ್ಟರ್ ಬಂದು, ‘ಲಕ್ಷ್ಮಮ್ಮ ತಾನೆ, ಅಜ್ಜಿ?’ ಎಂದರೆ ಅಜ್ಜಿ ‘ಹೂಂ ಕಣವ್ವ’ ಎನ್ನುತ್ತಾಳೆ. ಲಕ್ಷ್ಮಮ್ಮ ಅಲ್ಲದಿದ್ದರೂ ‘ಹೂಂ’ ಎನ್ನುತ್ತಾಳೆ. ಬಿಳಿ ಬಟ್ಟೆಯವರು ಏನು ಕೇಳಿದರೂ ಹೂಂ ಎನ್ನುವುದು ನಮ್ಮ ಹಿರಿಯರ ಮರ್ಯಾದೆ. ಹಾಗಾಗಿ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು: ಹೆಸರನ್ನು ನೀವು ಹೇಳಬೇಡಿ, ಅವರ ಬಾಯಿಂದ ಹೇಳಿಸಿ. ‘ನಿಮ್ಮ ಹೆಸರೇನು, ಯಜಮಾನರ ಹೆಸರೇನು?’ ಎಂದು ಕೇಳಿ. ಬಂದ ಉತ್ತರವನ್ನು ಕೈಪಟ್ಟಿಯ ಐ.ಪಿ. ನಂಬರಿನ ಜೊತೆ ತಾಳೆ ನೋಡಿ. ಮಂಚದ ನಂಬರನ್ನು ಮಾತ್ರ ನಂಬಬೇಡಿ. ಕಿಟಕಿ ಪಕ್ಕ ಗಾಳಿ ಬರುತ್ತದೆಂದು ಅಜ್ಜಿಯರು ತಾವೇ ಮಂಚ ಬದಲಾಯಿಸಿಕೊಂಡಿರುತ್ತಾರೆ.

ಬೆಂಗಳೂರಿನಲ್ಲಿ ಇದಕ್ಕೊಂದು ಭಾಷೆಯ ತೊಡಕೂ ಇದೆ. ಸಿಸ್ಟರ್ ಕೊಟ್ಟಾಯಂ ಕಡೆಯವರು, ರೋಗಿ ಮಾಗಡಿಯವರು, ಡಾಕ್ಟರು ಲಖನೌದವರು. ಇದನ್ನು ದೂರಾಗಿ ಹೇಳುತ್ತಿಲ್ಲ. ಕೇರಳದ ಹೆಣ್ಣುಮಕ್ಕಳು ಇಲ್ಲದಿದ್ದರೆ ಈ ಊರಿನ ಎಷ್ಟೋ ವಾರ್ಡುಗಳು ನಡೆಯುತ್ತಲೇ ಇರಲಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರಿಗೆ ಸಹಿ ಪುಸ್ತಕದ ಜೊತೆ ಕನ್ನಡದ ಇಪ್ಪತ್ತು ಪ್ರಶ್ನೆಗಳನ್ನು ಕಲಿಸುವ ಆಸ್ಪತ್ರೆಗಳು ಎಷ್ಟಿವೆ? ಯಾವುದಾದರೂ ಔಷಧ ಆಗಿಬರುವುದಿಲ್ಲವೆ, ಹಿಂದೆ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿತ್ತೆ, ಬೆಳಿಗ್ಗೆ ಮನೆಯ ಮಾತ್ರೆ ನುಂಗಿದಿರಾ: ಇಷ್ಟನ್ನು ಕನ್ನಡದಲ್ಲಿ ಕೇಳಲು ಬಂದರೆ ಅರ್ಧ ಅಪಾಯ ಕಳೆಯುತ್ತದೆ.

ಇನ್ನು ಬರವಣಿಗೆ. ವೈದ್ಯರ ಕೈಬರಹದ ಬಗ್ಗೆ ನಗೆಹನಿಗಳು ಸಾಕಷ್ಟಿವೆ, ನಾನು ಸೇರಿಸುವುದಿಲ್ಲ. ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತು. ಹೆಸರಿಗಿಂತ ಹೆಚ್ಚು ಅಪಾಯ ಮಾಡುವುದು ಅಂಕಿ ಮತ್ತು ಚುಕ್ಕೆ. ಅರ್ಧ ಮಿಲಿಗ್ರಾಂ ಎಂದು ಬರೆಯುವಾಗ ಚುಕ್ಕೆಯ ಹಿಂದೆ ಸೊನ್ನೆ ಹಾಕದಿದ್ದರೆ .5 ಎಂಬುದು 5 ಆಗುತ್ತದೆ. ಐದರ ಮುಂದೆ ಬೇಡದ ಸೊನ್ನೆ ಹಾಕಿದರೆ 5.0 ಎಂಬುದು 50 ಆಗುತ್ತದೆ. ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಯು ಅಕ್ಷರ ಬರೆದರೆ ಬಾಯಿ ಮುಚ್ಚಿದ ಯು ಸೊನ್ನೆಯಂತೆ ಕಾಣುತ್ತದೆ. 10 ಯೂನಿಟ್ ಇನ್ಸುಲಿನ್ 100 ಆಗಿ ಕೂರುತ್ತದೆ. ಓ.ಡಿ. ಎಂದರೆ ನಮ್ಮ ವಾರ್ಡುಗಳಲ್ಲಿ ದಿನಕ್ಕೊಂದು ಸಲ, ಕಣ್ಣಿನ ವಾರ್ಡಿನಲ್ಲಿ ಬಲಗಣ್ಣು. ರಾತ್ರಿ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವಾಗ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಸಮ ಕೇಳುತ್ತವೆ. ಅದಕ್ಕೇ ಬರೆದುಕೊಂಡು ತಿರುಗಿ ಓದಿ ಹೇಳಬೇಕು, ಅಂಕಿಯನ್ನು ಬಿಡಿಸಿ ‘ಒನ್ ಫೈವ್’ ಎನ್ನಬೇಕು. ಅರ್ಧ ನಿದ್ದೆಯಲ್ಲಿರುವ ಡಾಕ್ಟರಿಗೆ ಸಿಟ್ಟು ಬರಬಹುದು. ಬರಲಿ, ಬೆಳಿಗ್ಗೆ ಹೊತ್ತಿಗೆ ಇಳಿಯುತ್ತದೆ.

ಹೆಸರಿನ ಗೊಂದಲ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮೆದುಳಿಗೇರಿದ ಮಲೇರಿಯಕ್ಕೆ ಫಾಲ್ಸಿಗೋ ಎಂದು ಒಂದು ಕಂಪನಿ, ಫಾಲ್ಸಿಟ್ಯಾಬ್ ಎಂದು ಇನ್ನೊಂದು ಕಂಪನಿ ಔಷಧ ತಂದವು. ಒಂದರಲ್ಲಿದ್ದುದು ಆರ್ಟೆಸುನೇಟ್, ಇನ್ನೊಂದರಲ್ಲಿ ಮೆಫ್ಲೋಕ್ವಿನ್. ಎರಡೂ ಕಂಪನಿಗಳ ಹೆಸರಿನಲ್ಲಿ ಕ್ಯಾಡಿಲಾ ಬೇರೆ! 2001ರ ಆ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದರ ಸಾರವೆಂದರೆ, ಬೇರೆ ಸರಕಿನ ಹೆಸರು ಒಂದನ್ನೊಂದು ಹೋಲುವುದಕ್ಕಿಂತ ಔಷಧದ ಹೆಸರು ಹೋಲುವುದು ಹೆಚ್ಚು ಅಪಾಯಕಾರಿ, ಇಲ್ಲಿ ಅಳತೆಗೋಲು ಬಿಗಿಯಾಗಿಯೇ ಇರಬೇಕು. ಆಮೇಲೆ, 2019ರಲ್ಲಿ, ಹೊಸ ಬ್ರ್ಯಾಂಡ್ ಹೆಸರಿಡುವ ತಯಾರಕರು ಅಂಥ ಹೆಸರು ಈಗಾಗಲೇ ಇಲ್ಲವೆಂದು ಹುಡುಕಿ ನೋಡಿ ಬರೆದುಕೊಡಬೇಕು ಎಂಬ ನಿಯಮ ಬಂತು. ಅಷ್ಟರಲ್ಲಿ ಅಂಗಡಿಯ ಕಪಾಟು ಎಂದೋ ತುಂಬಿಹೋಗಿತ್ತು.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು, ಸರ್ಕಾರಿ ಆಸ್ಪತ್ರೆಗಳ ವೈದ್ಯರು ಕನ್ನಡದಲ್ಲೇ ಔಷಧದ ಚೀಟಿ ಬರೆಯುವಂತಾಗಲಿ ಎಂದು ಸರ್ಕಾರಕ್ಕೆ ಪತ್ರ ಬರೆದರು. ಬಹಳ ಚರ್ಚೆಯಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಔಷಧದ ಹೆಸರು ಸ್ಟ್ರಿಪ್ಪಿನ ಮೇಲೆ ಯಾವ ಲಿಪಿಯಲ್ಲಿದೆಯೋ ಆ ಲಿಪಿಯಲ್ಲೇ ಇರಲಿ. ಅಕ್ಷರಕ್ಕೆ ಅಕ್ಷರ ಇಟ್ಟು ತಾಳೆ ನೋಡಲು ಅದು ಬೇಕು. ಆದರೆ ಯಾವಾಗ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ, ದಿನವೋ ವಾರಕ್ಕೊಂದೋ ಎಂಬುದು ಕನ್ನಡದಲ್ಲೇ ಇರಬೇಕು. ಕೀಲುನೋವಿಗೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ಅದನ್ನು ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಸಂಚಕಾರ. ‘ಪ್ರತಿ ಗುರುವಾರ ಮಾತ್ರ’ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆಯಲು ಎಷ್ಟು ಶಾಯಿ ಬೇಕು?

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವ ಔಷಧ ಯಾವುದೆಂದು ಕೇಳಿದರೆ ವಿದ್ಯಾರ್ಥಿಗಳು ಮಾರ್ಫಿನ್ ಎಂದೋ ಇನ್ಸುಲಿನ್ ಎಂದೋ ಊಹಿಸುತ್ತಿದ್ದರು. ನನ್ನ ಉತ್ತರ ಪೊಟ್ಯಾಸಿಯಂ ಕ್ಲೋರೈಡ್. ಹತ್ತು ಮಿ.ಲೀ. ಆಂಪೂಲ್. ಒಳಗೆ ನೀರಿನಂಥ ದ್ರವ, 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ. ಬಾಟಲಿಗೆ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಹನಿಸಿದರೆ ಔಷಧ. ಸಿರಿಂಜಿನಲ್ಲಿ ಎಳೆದು ನೇರ ನರಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಅದೇ ಟ್ರೇಯಲ್ಲಿ ಡಿಸ್ಟಿಲ್ಡ್ ವಾಟರ್ ಆಂಪೂಲ್ ಇರುತ್ತದೆ, ಸಲೈನ್ ಆಂಪೂಲ್ ಇರುತ್ತದೆ. ಗಾತ್ರ ಅದೇ, ಬಣ್ಣವಿಲ್ಲದ ಪ್ಲಾಸ್ಟಿಕ್ ಅದೇ, ಉಬ್ಬಿದ ಸಣ್ಣ ಅಕ್ಷರವೂ ಅದೇ. ಪುಡಿ ಆಂಟಿಬಯೋಟಿಕ್ಕನ್ನು ಕರಗಿಸಲು ಅವಸರದಲ್ಲಿ ಕೈಹಾಕುವವರು ರಾತ್ರಿ ಮೂರು ಗಂಟೆಯ ಮಂದ ದೀಪದಲ್ಲಿ ಯಾವುದನ್ನು ಎತ್ತುತ್ತಾರೆ? ಇಲ್ಲಿ ‘ಜಾಗ್ರತೆ ವಹಿಸಿ’ ಎಂಬ ಸುತ್ತೋಲೆ ಪ್ರಯೋಜನಕ್ಕೆ ಬಾರದು. ಆ ಆಂಪೂಲನ್ನು ಸಾಮಾನ್ಯ ವಾರ್ಡಿನ ಟ್ರೇಯಿಂದ ಹೊರಗೇ ಹಾಕಬೇಕು. ಅಮೆರಿಕದ ಆಸ್ಪತ್ರೆಗಳನ್ನು ಪರಿಶೀಲಿಸುವ ಜಾಯಿಂಟ್ ಕಮಿಷನ್ 1998ರಲ್ಲಿ ತನ್ನ ಎಚ್ಚರಿಕೆ ಪತ್ರಗಳ ಸರಣಿ ಆರಂಭಿಸಿದಾಗ ಮೊಟ್ಟಮೊದಲ ಪತ್ರವೇ ಇದರ ಬಗ್ಗೆ ಇತ್ತು. ನಮ್ಮಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್.ಎ.ಬಿ.ಎಚ್. ಮಾನದಂಡಗಳೂ ಇಂಥ ಔಷಧಗಳನ್ನು ಬೇರೆಯಾಗಿ ಗುರುತಿಸಿ ಇಡಿ ಎನ್ನುತ್ತವೆ. ಪರಿಶೀಲನೆಯ ತಂಡ ಬರುವ ವಾರ ಕೆಂಪು ಸ್ಟಿಕರ್ ಅಂಟುತ್ತದೆ. ಕೆಲವು ಕಡೆ ತಂಡದ ಜೊತೆಗೇ ಸ್ಟಿಕರೂ ಹೋಗುತ್ತದೆ.

ಇದೇ ಜಾತಿಯ ಇನ್ನೊಂದು ಅಪಾಯ ಲೇಬಲ್ ಇಲ್ಲದ ಸಿರಿಂಜು. ಕಿಡ್ನಿ ಟ್ರೇಯಲ್ಲಿ ತುಂಬಿಟ್ಟ ಮೂರು ಸಿರಿಂಜುಗಳಿರುತ್ತವೆ. ತುಂಬಿದವರಿಗೆ ಮಾತ್ರ ಯಾವುದು ಏನೆಂದು ಗೊತ್ತು, ಅವರನ್ನು ಯಾರೋ ಕ್ಯಾಶುವಾಲಿಟಿಗೆ ಕರೆದಿರುತ್ತಾರೆ. ಬೆನ್ನುಹುರಿಗೆ ಕೊಡುವ ಅರಿವಳಿಕೆಯ ಬದಲು ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಹೋಗಿ ಸಾವುಗಳಾದ ಪ್ರಕರಣಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿದೆ. ಅಲ್ಲಿಯೂ ಕಾರಣ ಒಂದೇ ತರಹ ಕಾಣುವ ಆಂಪೂಲುಗಳು, ಅಕ್ಕಪಕ್ಕದ ಜಾಗ.

ಸಿಸ್ಟರ್ ಔಷಧ ಸಿದ್ಧ ಮಾಡುತ್ತಿರುವಾಗ ಎಷ್ಟು ಸಲ ಕರೆಯುತ್ತೇವೆ ಎಂಬುದನ್ನು ನೀವು ಗಮನಿಸಿದ್ದೀರಾ? ‘ಸಿಸ್ಟರ್, ಡ್ರಿಪ್ ಮುಗೀತು.’ ‘ಸಿಸ್ಟರ್, ಬಿಲ್ ಕೌಂಟರ್ ಎಲ್ಲಿ?’ ‘ಸಿಸ್ಟರ್, ಸ್ಕ್ಯಾನಿಂಗಿಗೆ ಫೋನ್ ಮಾಡಿ.’ ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ಜೋಹಾನಾ ವೆಸ್ಟ್‌ಬ್ರುಕ್ ಮತ್ತು ಸಂಗಡಿಗರು 98 ನರ್ಸ್‌ಗಳ ಹಿಂದೆ ನಿಂತು, 4,271 ಸಲ ಔಷಧ ಕೊಡುವುದನ್ನು ನೋಡಿ ಬರೆದುಕೊಂಡರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪ್ರತಿಯೊಂದು ಅಡಚಣೆಯ ಜೊತೆಗೂ ಕ್ರಮ ತಪ್ಪುವುದು ಶೇಕಡಾ 12.1ರಷ್ಟು, ಔಷಧದಲ್ಲೇ ತಪ್ಪಾಗುವುದು ಶೇಕಡಾ 12.7ರಷ್ಟು ಹೆಚ್ಚುತ್ತಿತ್ತು. ಕೆಲವು ದೇಶಗಳಲ್ಲಿ ಇದಕ್ಕೆಂದು ‘ಈಗ ಮಾತಾಡಿಸಬೇಡಿ’ ಎಂದು ಬರೆದ ಕೆಂಪು ಜಾಕೆಟ್ ತೊಡಿಸಿ ನೋಡಿದ್ದಾರೆ. ನಮ್ಮಲ್ಲಿ ಅದನ್ನು ತೊಟ್ಟರೆ, ಈ ಜಾಕೆಟ್ ಯಾಕೆ ಸಿಸ್ಟರ್ ಎಂದು ಕೇಳುವುದಕ್ಕೇ ಇಬ್ಬರು ಬರುತ್ತಾರೆ. ನಮಗೆ ಬೇಕಾದದ್ದು ವಾರ್ಡಿನ ಬಾಗಿಲಲ್ಲಿ ಬಿಲ್ಲು, ಸ್ಕ್ಯಾನಿಂಗು, ಪಾಸುಗಳ ಪ್ರಶ್ನೆಗೆ ಉತ್ತರಿಸುವ ಇನ್ನೊಬ್ಬ ಮನುಷ್ಯ. ನರ್ಸ್ ಮಾಡುವ ಅರ್ಧಕ್ಕರ್ಧ ಕೆಲಸ ನರ್ಸಿಂಗ್ ಅಲ್ಲ ಎಂದು ನಾವು ಗೊಣಗುವುದು ಸುಮ್ಮನೆ ಅಲ್ಲ.

ಇನ್ನು, ಕೊನೆಯ ಕೈ ಎಷ್ಟೇ ಎಚ್ಚರದಿಂದಿದ್ದರೂ ಏನೂ ಮಾಡಲಾಗದ ತಪ್ಪುಗಳೂ ಇವೆ. ಇಲ್ಲಿಂದ ದೂರವಲ್ಲ, ಚಾಮರಾಜಪೇಟೆಯ ಮಿಂಟೋ ಕಣ್ಣಿನ ಆಸ್ಪತ್ರೆ. 2019ರ ಜುಲೈನಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹಲವರಿಗೆ ಸೋಂಕಾಗಿ ದೃಷ್ಟಿ ಹೋಯಿತು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಜೆಲ್ಲಿನಲ್ಲೇ ಬ್ಯಾಕ್ಟೀರಿಯ ಇತ್ತೆಂದು ಪರೀಕ್ಷೆಯಲ್ಲಿ ಕಂಡುಬಂತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು; ಸರ್ಕಾರ ಆ ಕಂಪನಿಯ ದ್ರಾವಣವನ್ನು ತಡೆಹಿಡಿದು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಟಲಿ ತೂಗಿಹಾಕಿದ ಸಿಸ್ಟರ್‌ಗೆ ಅದರೊಳಗೆ ಏನಿದೆ ಎಂದು ಕಾಣುವ ಬಗೆಯೇ ಇರಲಿಲ್ಲ. ಆದರೆ ಅವರ ಕೈಯಲ್ಲೂ ಒಂದು ಕೆಲಸವಿದೆ. ಯಾವ ರೋಗಿಗೆ ಯಾವ ಬ್ಯಾಚ್ ನಂಬರಿನ ಬಾಟಲಿ ಹೋಯಿತು ಎಂದು ಚಾರ್ಟಿನಲ್ಲಿ ಬರೆಯುವುದು. ಬೇಸರದ ಕೆಲಸ, ಯಾರೂ ಮೆಚ್ಚುವುದಿಲ್ಲ. ಆದರೆ ಏನೋ ಎಡವಟ್ಟಾಯಿತು ಎಂದ ದಿನ, ಮುಂದಿನ ರೋಗಿಗೆ ಅದೇ ಬ್ಯಾಚ್ ಏರದಂತೆ ತಡೆಯುವುದು ಆ ಒಂದು ಸಾಲು. ಬಾಟಲಿ ಏರಿಸಿದ ಮೇಲೆ ಚಳಿ, ನಡುಕ ಬಂದರೆ ನಿಲ್ಲಿಸಿ, ಬಾಟಲಿ ಎಸೆಯದೆ ಎತ್ತಿಡಿ. ಔಷಧದ ಅಡ್ಡಪರಿಣಾಮ ತಿಳಿಸಲು 2010ರಿಂದ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ, 1800-180-3024 ಎಂಬ ಉಚಿತ ಸಂಖ್ಯೆಯಿದೆ. ಡಾಕ್ಟರೇ ಮಾಡಬೇಕೆಂದಿಲ್ಲ. ನರ್ಸ್ ಮಾಡಬಹುದು, ನೀವೂ ಮಾಡಬಹುದು.

ತಪ್ಪಾದ ಮೇಲೆ ಏನು? ಇಲ್ಲಿ ಅಮೆರಿಕದ ಟೆನೆಸಿಯ ಒಂದು ಪ್ರಕರಣ ಹೇಳಬೇಕು. 2017ರ ಡಿಸೆಂಬರ್, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆ. ಸ್ಕ್ಯಾನಿಂಗಿಗೆ ಹೋಗಲು ಹೆದರಿದ್ದ 75 ವರ್ಷದ ಹೆಂಗಸಿಗೆ ಸ್ವಲ್ಪ ಸಮಾಧಾನವಾಗಲೆಂದು ವರ್ಸೆಡ್ ಎಂಬ ಔಷಧ ಬರೆದಿದ್ದರು. ನರ್ಸ್ ರಾಡೊಂಡಾ ವಾಟ್ ಔಷಧದ ಯಾಂತ್ರಿಕ ಕಪಾಟಿನಲ್ಲಿ ಮೊದಲ ಎರಡಕ್ಷರ ಒತ್ತಿದರು, ಹೆಸರು ಬರಲಿಲ್ಲ. ತುರ್ತು ಕೀಲಿ ಒತ್ತಿ ತೆಗೆದಾಗ ಬಂದದ್ದು ವೆಕುರೋನಿಯಂ. ಮೈಯ ಸ್ನಾಯುಗಳನ್ನೆಲ್ಲ ಸ್ತಬ್ಧ ಮಾಡುವ, ಉಸಿರು ನಿಲ್ಲಿಸುವ ಔಷಧ. ಸೀಸೆಯ ಮುಚ್ಚಳದ ಮೇಲೇ ಎಚ್ಚರಿಕೆ ಇತ್ತು, ಅವರು ನೋಡಲಿಲ್ಲ. ರೋಗಿ ತೀರಿಕೊಂಡರು. ವಾಟ್ ಅದೇ ದಿನ ತನ್ನಿಂದ ತಪ್ಪಾಯಿತೆಂದು ಹೇಳಿದರು. ಆಸ್ಪತ್ರೆ ಅದನ್ನು ಮೇಲಿನವರಿಗೆ ತಿಳಿಸಲೇ ಇಲ್ಲ, ಸುದ್ದಿ ಹೊರಬಂದದ್ದು ಆಮೇಲೆ. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು, ಮೂರು ವರ್ಷದ ಪ್ರೊಬೇಷನ್ ವಿಧಿಸಿತು. ಅವರ ನಿರ್ಲಕ್ಷ್ಯ ಸಣ್ಣದಲ್ಲ, ನಾನದನ್ನು ಮುಚ್ಚಿಹಾಕಲು ಹೊರಟಿಲ್ಲ. ಆದರೆ ಆ ತೀರ್ಪು ಓದಿದ ಮೇಲೆ ಎಷ್ಟು ನರ್ಸ್‌ಗಳು ತಮ್ಮ ತಪ್ಪನ್ನು ತಾವಾಗಿ ಹೇಳಲು ಮುಂದೆ ಬಂದಾರು?

ಇದು ಅಮೆರಿಕದ ಮಾತು ಎಂದು ಬಿಡುವಂತಿಲ್ಲ. 2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 106ನೇ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವು ತಂದರೆ ಐದು ವರ್ಷದವರೆಗೆ ಸೆರೆ. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡುವಾಗ ಹಾಗಾದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರು ಎಂದರೆ ವೈದ್ಯಕೀಯ ಪದವಿ ಇದ್ದು ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರು ಎಂದು ಕಲಮಿನ ವಿವರಣೆಯೇ ಹೇಳುತ್ತದೆ. ನರ್ಸ್‌ಗಳ ರಿಜಿಸ್ಟರ್ ಬೇರೆ. ಅಂದರೆ ಬರೆಯುವಾಗ ತಪ್ಪಿದ ವೈದ್ಯರಿಗೆ ಗರಿಷ್ಠ ಎರಡು ವರ್ಷ, ಅದನ್ನು ಕೊಟ್ಟ ನರ್ಸಿಗೆ ಗರಿಷ್ಠ ಐದು. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಮೊದಲು ತನಿಖೆಯವರು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿತು. ಲೂಧಿಯಾನದಲ್ಲಿ ಉಸಿರಾಡಲಾಗದ ರೋಗಿಯ ಬಳಿಗೆ ಖಾಲಿ ಆಮ್ಲಜನಕದ ಸಿಲಿಂಡರ್ ತಂದಿದ್ದ ಪ್ರಕರಣ ಅದು. ವೈದ್ಯರಿಗೆ ಸಿಕ್ಕ ರಕ್ಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ಅದೇ ರಕ್ಷಣೆ ನರ್ಸ್‌ಗೂ ಇರಲಿ, ಕಲಮನ್ನು ತಿದ್ದಲಿ ಎನ್ನುತ್ತಿದ್ದೇನೆ. ಸಭೆಯಲ್ಲಿ ವಕೀಲರಿದ್ದರೆ ದಯವಿಟ್ಟು ಇದನ್ನು ಕೈಗೆತ್ತಿಕೊಳ್ಳಿ.

ಶಿಕ್ಷೆಯ ಹೆದರಿಕೆ ತಪ್ಪನ್ನು ಕಡಿಮೆ ಮಾಡುವುದಿಲ್ಲ, ತಪ್ಪಿನ ಸುದ್ದಿಯನ್ನು ಕಡಿಮೆ ಮಾಡುತ್ತದೆ. ನಮ್ಮ ವಾರ್ಡುಗಳಲ್ಲಿ ಇನ್ಸಿಡೆಂಟ್ ರಿಪೋರ್ಟ್ ಎಂದರೆ ಮೆಮೋ, ಎಕ್ಸ್‌ಪ್ಲನೇಷನ್ ಲೆಟರ್, ಸಂಬಳ ಕಡಿತ. ಹಾಗಾಗಿ ಆ ಪುಸ್ತಕ ತಿಂಗಳುಗಟ್ಟಲೆ ಖಾಲಿ. ಖಾಲಿ ಪುಸ್ತಕ ಹಿಡಿದು, ನಮ್ಮಲ್ಲಿ ತಪ್ಪೇ ಆಗುವುದಿಲ್ಲ ಎಂದು ಬೀಗುವ ಆಡಳಿತಾಧಿಕಾರಿಯನ್ನು ಕಂಡರೆ ನನಗೆ ಭಯವಾಗುತ್ತದೆ. ಆಗಿಯೇಬಿಡುತ್ತಿತ್ತು, ಅಷ್ಟರಲ್ಲಿ ಹಿಡಿದೆವು ಎನ್ನುವ ಘಟನೆಗಳನ್ನಾದರೂ ಹೆಸರಿಲ್ಲದೆ ಬರೆಸಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಓದಿ. ಒಂದೇ ಕಪಾಟು, ಒಂದೇ ಗಂಟೆ, ಒಂದೇ ಔಷಧ ಮತ್ತೆ ಮತ್ತೆ ಬರುತ್ತಿದ್ದರೆ ಬದಲಾಗಬೇಕಾದದ್ದು ಆ ಕಪಾಟು, ಆ ಡ್ಯೂಟಿ ಪಟ್ಟಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾನ್ ನಗರದಲ್ಲಿ ಔಷಧದಿಂದಾಗುವ ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸೋಣ ಎಂದು ಕರೆ ಕೊಟ್ಟಿತು. ಐದು ವರ್ಷ ಎಂದೋ ಕಳೆಯಿತು. ಲೆಕ್ಕವೇ ಇಡದವರು ಅರ್ಧಕ್ಕಿಳಿಸಿದ್ದನ್ನು ಅಳೆಯುವುದು ಹೇಗೆ?

ಈಗ ಮುಂದಿನ ಸಾಲಿನಲ್ಲಿರುವ ಹಿರಿಯರ ಕಡೆಗೆ ತಿರುಗುತ್ತೇನೆ. ಕುಮಾರ ಪಾರ್ಕು, ಮಲ್ಲೇಶ್ವರ, ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ. ಮಕ್ಕಳು ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಇರುತ್ತಾರೆ. ಡಿಸ್ಚಾರ್ಜ್ ಆದ ದಿನದಿಂದ ಆ ಕೊನೆಯ ಕೈ ನಿಮ್ಮದೇ, ಇಲ್ಲವೇ ಏಜೆನ್ಸಿಯಿಂದ ಬಂದ ಹೋಮ್ ನರ್ಸಿನದು. ಹೋಮ್ ನರ್ಸ್ ಎಂದು ಬಂದ ಹುಡುಗಿ ನರ್ಸಿಂಗ್ ಓದಿರಲೇಬೇಕೆಂದಿಲ್ಲ; ಎಷ್ಟೋ ಸಲ ಓದಿರುವುದಿಲ್ಲ. ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಸ್ನಾನ, ಊಟ, ನಡಿಗೆ ಅವಳು ನೋಡಿಕೊಳ್ಳಲಿ, ಇಂಜೆಕ್ಷನ್ ಬೇಡ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದರೆ, ಹೆಸರಿನ ಮುಂದೆ ಎಸ್.ಆರ್., ಎಕ್ಸ್.ಆರ್. ಎಂದಿರುವ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿಸಬೇಡಿ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಂದೇ ಸಲ ರಕ್ತಕ್ಕೆ ಹೋಗುತ್ತದೆ. ಮೊಮ್ಮಗು ಬಂದಾಗ ಜ್ವರದ ಔಷಧ ಕೊಡುವುದಾದರೆ ಇನ್ನೊಂದು ಎಚ್ಚರಿಕೆ: ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದು ಮಿ.ಲೀ.ಗೇ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ ಐದು ಮಿ.ಲೀ.ಗೆ 120ರಿಂದ 250. ಸಿರಪ್ಪಿನ ಚಮಚದಲ್ಲಿ ಡ್ರಾಪ್ಸ್ ಅಳೆದರೆ ಮಗುವಿನ ಯಕೃತ್ತಿಗೆ ಏಟು.

ಎಲ್ಲಕ್ಕಿಂತ ಮುಖ್ಯವಾಗಿ ಇನ್ಸುಲಿನ್. ನಮ್ಮ ದೇಶದಲ್ಲಿ ಮಾರುವ ಇನ್ಸುಲಿನ್ ಸೀಸೆಗಳಲ್ಲಿ ಹೆಚ್ಚಿನವು ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್ಜುಗಳೂ ಅಮೆರಿಕದಿಂದ ಮಕ್ಕಳು ತಂದುಕೊಡುವ ಸೀಸೆಗಳೂ ಮಿ.ಲೀ.ಗೆ 100 ಯೂನಿಟ್. ಆ ಸೀಸೆಗೆ ಕಿತ್ತಳೆ ಮುಚ್ಚಳದ ಸಿರಿಂಜು. ಮಗ ತಂದ ಸೀಸೆಯಿಂದ ಮನೆಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಗೆ ಎಳೆದರೆ ಒಳಗೆ ಹೋಗುವುದು ಇಪ್ಪತ್ತಲ್ಲ, ಐವತ್ತು ಯೂನಿಟ್. ಬೆಳಗಿನ ತಿಂಡಿಗೆ ಮೊದಲೇ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ತಿರುವುಮುರುವಾದರೆ ಇಪ್ಪತ್ತರ ಜಾಗದಲ್ಲಿ ಎಂಟೇ ಯೂನಿಟ್. ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ಡಾಕ್ಟರು ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಕಾರ್ಟ್ರಿಜ್ಜಿನಿಂದ ಸಿರಿಂಜಿಗೆ ಎಳೆಯುವ ಉಳಿತಾಯದ ಉಪಾಯವಂತೂ ಬೇಡವೇ ಬೇಡ. ಇವತ್ತು ಮನೆಗೆ ಹೋದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದು ಸೀಸೆಯ ಮೇಲೆ 40 ಇದೆಯೋ 100 ಇದೆಯೋ ಓದಿ, ಸಿರಿಂಜಿನ ಮೇಲೂ ಅದೇ ಅಂಕಿ ಇದೆಯೇ ನೋಡಿ. ಕನ್ನಡಕ ಹಾಕಿಕೊಂಡೇ ಓದಿ. ಕಾಣದಿದ್ದರೆ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಓದಿಸಿ. ಎರಡು ಅಂಕಿ ಬೇರೆಯಾಗಿದ್ದರೆ ಇವತ್ತು ರಾತ್ರಿಯ ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.